ಕಾನ್‌ಕೂನ್‌ಗೆ ಹೊರಟ ಪುಟ್ಟಿಗೆ



ಡಿಸೆಂಬರ್ ರಜೆಗೆ ಅತ್ತೆ-ಮಾವನವರನ್ನೂ ಕರೆದುಕೊಂಡು ಡಲ್ಲಾಸ್‌ನಿಂದ ಮೆಕ್ಸಿಕೋದ ಕಾನ್‌ಕೂನ್‌ಗೆ ಹೊರಟಿದ್ದೀಯಂತೆ. ಊಟ, ತಿಂಡಿ, ಕೋಣೆ ಎಲ್ಲಕ್ಕೂ ಒಟ್ಟಿಗೇ ದುಡ್ಡು ಕಟ್ಟುವ ಸಮುದ್ರತೀರದ ರೆಸಾರ್ಟು. "ಸಸ್ಯಾಹಾರಿಗಳು ಅಲ್ಲಿ ಏನು ತಿಂತಾರೋ" ಅನ್ನೋದು ನಿಮ್ಮಮ್ಮನ ಚಿಂತೆ. ನಾನೂ ಹೋಗಿ ಬಂದವಳು, ಅದಕ್ಕೇ ಬರೀತಿದ್ದೀನಿ. ನಿನ್ನ ಹಾಗೆ ಹೊರಟಿರುವ ಬೇರೆಯವರೂ ಓದಿಕೊಳ್ಳಲಿ.

ಹಸಿವಿನ ಭಯ ಬೇಡ. ಕೈಗೆ ರೆಸಾರ್ಟಿನ ಗುರುತಿನ ಪಟ್ಟಿ ಕಟ್ಟಿಸಿಕೊಂಡು ಬಫೆಗೆ ಹೋದರೆ ಬ್ರೆಡ್ಡು, ಹಣ್ಣು, ಚೀಸ್ ಪೀತ್ಸಾ, ಫ್ರೆಂಚ್ ಫ್ರೈಸ್ ಎಲ್ಲ ರಾಶಿ ರಾಶಿ. ಆದರೆ ಮೆಣಸಿನಕಾಯಿ, ಟೊಮೆಟೊ, ಮೆಕ್ಕೆಜೋಳಗಳ ತವರಿಗೆ ಹೋಗಿ ಇಡೀ ವಾರ ಕರಿದ ಆಲೂಗಡ್ಡೆ ತಿಂದು ಬರುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತೆ.

ಎಚ್ಚರ ಬೇಕಾದದ್ದು ಕಣ್ಣಿಗೆ ಕಾಣದ್ದರ ಬಗ್ಗೆ. ಅರೆದು ಒಗ್ಗರಿಸಿದ ಬೀನ್ಸ್ ಕಾಳಿನ ಪಲ್ಯದಂಥ 'ಫ್ರಿಹೋಲೆಸ್ ರೆಫ್ರಿತೋಸ್' ನೋಡಲು ಸಾಧು. ಹಳೇ ಪದ್ಧತಿಯಲ್ಲಿ ಅದಕ್ಕೆ ಹಾಕುವುದು ಹಂದಿಕೊಬ್ಬು. ಕೆಂಪಗಿನ ಟೊಮೆಟೊ ಅನ್ನವನ್ನು ಎಷ್ಟೋ ಕಡೆ ಕೋಳಿ ಬೇಯಿಸಿದ ನೀರಿನಲ್ಲೇ ಮಾಡುತ್ತಾರೆ. ತರಕಾರಿ ಸೂಪಿಗೂ ಅದೇ ನೀರು ಬಿದ್ದಿರಬಹುದು. ಸೀಸರ್ ಸಲಾಡ್ ಹುಟ್ಟಿದ್ದೂ ಮೆಕ್ಸಿಕೋದಲ್ಲೇ, 1924ರಲ್ಲಿ ತಿಹುವಾನಾದ ಒಂದು ಹೋಟೆಲಿನಲ್ಲಿ ಅನ್ನುತ್ತಾರೆ. ಬರೀ ಸೊಪ್ಪು ಅಂದುಕೊಂಡು ಬಡಿಸಿಕೊಳ್ಳಬೇಡ, ಮೇಲಿನ ಸಾಸ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತೆ. ಬಣ್ಣಬಣ್ಣದ ಜೆಲ್ಲಿಯಲ್ಲಿ ಜೆಲಟಿನ್. 'ಫ್ಲಾನ್' ಎಂಬ ಕ್ಯಾರಮೆಲ್ ಸಿಹಿ ಮೊಟ್ಟೆಯದು.

"ಮಾಂಸ ಬೇಡ" ಅಂದರೆ ಸಾಲದು. ಅಷ್ಟಕ್ಕೇ ನಿಲ್ಲಿಸಿದರೆ ಕೋಳಿಯೋ ಹ್ಯಾಮೋ ತಟ್ಟೆಗೆ ಬಂದೀತು. ಹೆಸರು ಹಿಡಿದು ಕೇಳು: ಮಾಂತೇಕಾ (ಹಂದಿಕೊಬ್ಬು) ಇದೆಯಾ? ಕಾಲ್ದೊ ದೆ ಪೊಯೊ (ಕೋಳಿಸಾರು)? ಪೆಸ್ಕಾದೊ (ಮೀನು)? ಈ ಮೂರನ್ನು ಒಂದು ಚೀಟಿಯಲ್ಲಿ ಸ್ಪ್ಯಾನಿಷ್‌ನಲ್ಲೇ ಬರೆದಿಟ್ಟುಕೊಂಡು ತೋರಿಸು. ಬಡಿಸುವವರನ್ನು ಕೇಳುವುದಕ್ಕಿಂತ ಒಲೆಯ ಮುಂದೆ ನಿಂತವರನ್ನು ಕೇಳುವುದು ಮೇಲು.

ಬಫೆಯ ಅಡುಗೆ ನೀವು ಹೋಗುವುದರೊಳಗೆ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ಬೆಂದು ಮುಗಿದಿರುತ್ತೆ. ಅದರೊಳಗಿನ ಕೋಳಿನೀರನ್ನು ಯಾವ ಬಾಣಸಿಗನೂ ಹೊರಗೆ ತೆಗೆಯಲಾರ. ಒಂದೇ ಇಕ್ಕಳ ಸೀಗಡಿಗೂ ಬದನೆಕಾಯಿಗೂ ಓಡಾಡುತ್ತಿರುತ್ತೆ. ಮೆನು ನೋಡಿ ಹೇಳಿ ಮಾಡಿಸುವ ರೆಸ್ಟೋರೆಂಟುಗಳೂ ಅದೇ ರೆಸಾರ್ಟಿನಲ್ಲಿರುತ್ತವೆ, ಅಲ್ಲಿ ತಟ್ಟೆ ತಟ್ಟೆಗೂ ಬೇರೆ ಅಡುಗೆ. ರಾತ್ರಿ ಊಟಕ್ಕೆ ಅಲ್ಲಿಗೇ ಹೋಗಿ. ಬೆಳಿಗ್ಗೆಯೇ ಹೋಗಿ ಹೇಳಿಬಂದರೆ ಅಡುಗೆಮನೆಗೆ ಪುರುಸೊತ್ತು ಸಿಗುತ್ತೆ, ಅವರಿಗೂ ಏನಾದರೂ ಹೊಸದು ಮಾಡುವ ಹುರುಪು ಬರುತ್ತೆ. ಏಷ್ಯನ್ ಅಂತ ಬೋರ್ಡು ಹಾಕಿರುವ ಕಡೆ ಮಾತ್ರ ಹುಷಾರು, ಮೀನಿನ ಸಾಸ್ ಎಲ್ಲಿ ಅಡಗಿರುತ್ತೋ ಹೇಳಲಾಗದು.

ಏನು ಕೇಳಬೇಕು ಗೊತ್ತಾ? ಮೆಕ್ಕೆಜೋಳದ ತೊರ್ತಿಯಾ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆದು ತಟ್ಟಿದ್ದು, ಕೊಬ್ಬಿನ ಗೊಡವೆಯಿಲ್ಲ. ಗೋಧಿಯದ್ದಾದರೆ ವಿಚಾರಿಸಿಕೋ. ತೊರ್ತಿಯಾದೊಳಗೆ ನೊಪಾಲೆಸ್ ಹಾಕಿಸು. ಅದು ನಮ್ಮ ಹೊಲದ ಬದುವಿನ ಪಾಪಾಸುಕಳ್ಳಿ, ಮುಳ್ಳು ಹೆರೆದು ಸುಟ್ಟಿದ್ದು. ಬೆಂಡೆಕಾಯಿಯ ಲೋಳೆ ಇಷ್ಟಪಡುವ ಮಾವನವರಿಗೆ ಖಂಡಿತ ಹಿಡಿಸುತ್ತೆ. ಚಾಯೋತೆ ಅಂದರೆ ನಮ್ಮ ಸೀಮೆಬದನೆಕಾಯಿ. ಸಿಕಿಲ್ ಪಾಕ್ ಅಂತ ಯುಕಾತಾನ್‌ನ ಮಾಯಾ ಜನರ ಪದಾರ್ಥವೊಂದಿದೆ: ಹುರಿದ ಕುಂಬಳಬೀಜ, ಸುಟ್ಟ ಟೊಮೆಟೊ, ಹಾಬನೇರೊ ಮೆಣಸಿನಕಾಯಿ ಸೇರಿಸಿ ಅರೆದದ್ದು. ನನಗೆ ಆ ಊರಿನಲ್ಲಿ ಅದಕ್ಕಿಂತ ರುಚಿಯಾದದ್ದು ಬೇರೊಂದು ಕಾಣಲಿಲ್ಲ. ಹಾಬನೇರೊದ ಖಾರ ಬ್ಯಾಡಗಿಯದಲ್ಲ, ಮೊದಲು ನಾಲಿಗೆ ತುದಿಗೆ ತಾಗಿಸಿ ನೋಡಿ. ವಿತ್ಲಕೋಚೆ ಎಂಬುದು ಮೆಕ್ಕೆಜೋಳದ ತೆನೆಗೆ ಹಿಡಿಯುವ ಕಪ್ಪು ಬೂಷ್ಟು. ಅಣಬೆ ಮುಟ್ಟದ ನಿಮ್ಮ ಅತ್ತೆಯವರಿಗೆ ಬೇಡ, ನೀನು ತಿನ್ನು.

ಅತ್ತೆಯವರ ವಿಷಯ ಬಂತಲ್ಲ. ಮೊಟ್ಟೆ ಬೆಂದ ಕಾವಲಿ ಅವರಿಗಾಗದಿದ್ದರೆ ಹೊರಡುವ ಮೊದಲೇ ಕೂತು ಮಾತಾಡಿಕೊಳ್ಳಿ. ಅಳಿಯಂದಿರ ಸ್ನೇಹಿತರೂ ಬರುತ್ತಿದ್ದಾರಂತೆ, ಅವರೆದುರು ಅತ್ತೆಯವರ ಮಡಿ ತಮಾಷೆಯಾಗಕೂಡದು. ಹಾಗೆಯೇ ಪಕ್ಕದ ಟೇಬಲ್ಲಿನ ಸೀಗಡಿ ನೋಡಿ ಮೂಗು ಮುಚ್ಚಿಕೊಳ್ಳುವುದೂ ಬೇಡ ಅಂತ ಅವರಿಗೆ ಮೆತ್ತಗೆ ಹೇಳು.

ಮನೆಯ ಚಟ್ನಿಪುಡಿ, ಹಣ್ಣು, ಹಸಿ ಪದಾರ್ಥ ತುಂಬಿಕೊಳ್ಳಬೇಡ, ಕಸ್ಟಮ್ಸ್‌ನಲ್ಲಿ ಕಿತ್ತುಕೊಂಡಾರು. ಅಂಗಡಿಯ ಸೀಲ್ ಒಡೆಯದ ಪೊಟ್ಟಣ ನಾಲ್ಕಿದ್ದರೆ ಸಾಕು. ಒಂದೊಂದು ಡಾಲರಿನ ನೋಟು ಹೆಚ್ಚಿಗೆ ಇಟ್ಟುಕೋ, ನಿಮಗಾಗಿ ಬೇರೆ ಬಾಣಲೆ ಇಟ್ಟವರ ಕೈಗೇ ಕೊಡು.

ಮಾವನವರಿಗೆ ರಾತ್ರಿ ಮೊಸರನ್ನ ಬೇಕೇ ಬೇಕು ಅಂದರೆ, ಬಿಳಿ ಅನ್ನವನ್ನು ಬರೀ ನೀರಿನಲ್ಲಿ ಬೇಯಿಸಿದ್ದೇ ಅಂತ ಕೇಳಿ ತರಿಸು. ಮೊಸರು ಬೆಳಿಗ್ಗೆಯ ಬಫೆಯಲ್ಲಿ ಸಿಗುತ್ತೆ. ಸಿಹಿಯಿಲ್ಲದ್ದನ್ನು ಆರಿಸಿಕೋ, ಡಬ್ಬಿಯದಾದರೆ ಜೆಲಟಿನ್ ಹಾಕಿದ್ದಾರಾ ಅಂತ ಓದಿ ನೋಡು.

ಇತಿ,
ನಿನ್ನ ದೊಡ್ಡಮ್ಮ