ಬೆಂಗಳೂರಿಗೆ ‘ಅಟ್’ ಯಾಕೆ, ಬ್ಯಾಂಕಿಗೆ ‘ಇನ್’ ಯಾಕೆ?

ಪ್ರಶ್ನೆ: ಚಿಕ್ಕ ಊರಿಗೆ ‘ಅಟ್’, ದೊಡ್ಡ ಊರಿಗೂ ದೇಶಕ್ಕೂ ‘ಇನ್’ ಎಂದು ಹೈಸ್ಕೂಲಿನಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಈಚೆಗೆ ನಮ್ಮ ಜಮೀನಿನ ವ್ಯಾಜ್ಯದ ತೀರ್ಪಿನ ಪ್ರತಿ ಕೈಗೆ ಬಂತು. ಮೊದಲ ಸಾಲಿನಲ್ಲೇ ‘ಇನ್ ದಿ ಹೈಕೋರ್ಟ್ ಆಫ್ ಕರ್ನಾಟಕ ಅಟ್ ಬೆಂಗಳೂರು’ ಎಂದಿದೆ. ಬೆಂಗಳೂರು ಯಾವಾಗ ಚಿಕ್ಕ ಊರಾಯಿತು? ಇನ್ನೊಂದು ವಿಷಯ. ಮಗ ಫೋನಿನಲ್ಲಿ ಯಾರಿಗೋ ‘ಐ ಆ್ಯಮ್ ಇನ್ ದಿ ಬ್ಯಾಂಕ್’ ಅಂದರೆ ಸೊಸೆ ಪಕ್ಕದಿಂದ ‘ಅಟ್ ದಿ ಬ್ಯಾಂಕ್ ಅನ್ರೀ’ ಎಂದು ತಿದ್ದುತ್ತಾಳೆ. ಯಾರದು ಸರಿ?
— ಓದುಗರು, ತಿಪಟೂರು

ಉತ್ತರ: ನಿಮ್ಮ ಮೇಷ್ಟ್ರು ಸುಳ್ಳು ಹೇಳಿಕೊಡಲಿಲ್ಲ. ಅವರು ಓದಿದ ಪುಸ್ತಕ ಬಹುಶಃ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣವೇ ಇರಬೇಕು. 1930ರ ದಶಕದಲ್ಲಿ ಬಂದ ಆ ಪುಸ್ತಕವನ್ನು ಮುಟ್ಟದೆ ಇಂಗ್ಲಿಷ್ ಕಲಿತವರು ನಮ್ಮಲ್ಲಿ ಕಡಿಮೆ. (ಅದರ ಕರ್ತೃಗಳಲ್ಲಿ ಒಬ್ಬನಾದ ಪಿ.ಸಿ. ರೆನ್ ‘ಬೋ ಜೆಸ್ಟ್’ ಎಂಬ ಸಾಹಸ ಕಾದಂಬರಿ ಬರೆದವನೂ ಹೌದು ಎಂದರೆ, ಅವನ ವ್ಯಾಕರಣದಲ್ಲಿ ಒದ್ದಾಡಿದ ಯಾರೂ ನಂಬಲಿಕ್ಕಿಲ್ಲ.) ದೇಶಗಳಿಗೂ ದೊಡ್ಡ ಪಟ್ಟಣಗಳಿಗೂ ‘ಇನ್’, ಚಿಕ್ಕ ಊರು ಹಳ್ಳಿಗಳ ಮಾತು ಬಂದಾಗ ‘ಅಟ್’ ಹೆಚ್ಚು ಬಳಕೆ ಎಂಬುದು ಅಲ್ಲಿನ ಸೂತ್ರ. ‘ಹೆಚ್ಚು ಬಳಕೆ’ ಎಂಬ ಮಾತು ಕರಿಹಲಗೆಗೆ ಬರುವ ಹೊತ್ತಿಗೆ ಉದುರಿಹೋಯಿತು. ಉಳಿದದ್ದು ಜನಸಂಖ್ಯೆ ಎಣಿಸಿ ಪದ ಆರಿಸುವ ಕಾಯ್ದೆ. ಆ ಲೆಕ್ಕದಲ್ಲಿ ತಿಪಟೂರಿಗೆ ಯಾವುದು ಬರುತ್ತದೆ ಎಂದು ನಿಮ್ಮ ಮೇಷ್ಟ್ರನ್ನು ಕೇಳಿದ್ದರೆ ಅವರಿಗೂ ಕಷ್ಟವಾಗುತ್ತಿತ್ತು.

ಊರಿನ ಅಳತೆಗೂ ಈ ಎರಡು ಪದಗಳಿಗೂ ನೇರ ಸಂಬಂಧವಿಲ್ಲ. ಹೇಳುವವನು ಆ ಜಾಗವನ್ನು ಹೇಗೆ ನೋಡುತ್ತಿದ್ದಾನೆ ಎಂಬುದೇ ಎಲ್ಲ. ನಕ್ಷೆಯ ಮೇಲಿನ ಚುಕ್ಕಿಯ ಹಾಗೆ ಕಂಡರೆ ‘ಅಟ್’. ಸುತ್ತ ಎಲ್ಲೆಯಿದ್ದು ಒಳಗೆ ಜಾಗವಿರುವ ಆವರಣದ ಹಾಗೆ ಕಂಡರೆ ‘ಇನ್’. ಚಿಕ್ಕ ಊರು ದೂರದವರಿಗೆ ಚುಕ್ಕಿಯಾಗಿಯೇ ಕಾಣುವುದು ಹೆಚ್ಚು, ಆದ್ದರಿಂದ ಹಳೆಯ ಸೂತ್ರ ಅನೇಕ ಸಲ ಸರಿಹೊಂದುತ್ತದೆ. ಅದೇ ಹಳ್ಳಿಯಲ್ಲಿ ಬಾಳುವೆ ಮಾಡುವವನಿಗೆ ಅದು ಕೇರಿ, ಕೆರೆ, ಜಗಳ ಎಲ್ಲ ಇರುವ ಲೋಕ. ಹತ್ತೇ ಮನೆಯ ಹಳ್ಳಿಯಾದರೂ ಇಂಗ್ಲಿಷಿನವನು ತಾನು ‘ಇನ್ ಎ ವಿಲೇಜ್’ ವಾಸಿಸುತ್ತೇನೆ ಎನ್ನುತ್ತಾನೆಯೇ ಹೊರತು ‘ಅಟ್’ ಎನ್ನುವುದಿಲ್ಲ.

ಈಗ ನಿಮ್ಮ ತೀರ್ಪಿನ ತಲೆಸಾಲು. ಅದರಲ್ಲಿ ಎರಡೂ ಪದಗಳು ಒಂದರ ಹಿಂದೊಂದು ಬಂದಿರುವುದೇ ಚೆಂದ. ‘ಇನ್ ದಿ ಹೈಕೋರ್ಟ್’ ಎಂದರೆ ಆ ನ್ಯಾಯಾಲಯದ ಅಧಿಕಾರದ ಒಳಗೆ, ಅದರ ಮುಂದೆ ನಡೆದ ಪ್ರಕರಣ. ‘ಅಟ್ ಬೆಂಗಳೂರು’ ಎಂದರೆ ಆ ನ್ಯಾಯಾಲಯ ಕೂತಿರುವ ಠಾವು. ನಮ್ಮ ಹೈಕೋರ್ಟು ಒಂದೇ ಕಡೆ ಕೂರುವುದಿಲ್ಲವಲ್ಲ. ಧಾರವಾಡದಲ್ಲೂ ಕಲಬುರಗಿಯಲ್ಲೂ 2008ರಲ್ಲಿ ಸಂಚಾರಿ ಪೀಠಗಳು ಆರಂಭವಾಗಿ 2013ರಲ್ಲಿ ಕಾಯಂ ಆದವು. ಮೂರು ಠಾವುಗಳಲ್ಲಿ ನಿಮ್ಮ ಪ್ರಕರಣ ನಡೆದದ್ದು ಯಾವುದರಲ್ಲಿ ಎಂಬುದಷ್ಟೇ ಅಲ್ಲಿ ಮುಖ್ಯ. ಬೆಂಗಳೂರು ಎಷ್ಟು ದೊಡ್ಡದು, ಅದರೊಳಗೆ ಏನೇನಿದೆ ಎಂಬುದು ನ್ಯಾಯಾಲಯದ ಕಾಗದಕ್ಕೆ ಬೇಡ.

ಕೋರ್ಟಿನ ಈ ‘ಅಟ್’ಗೆ ದೀರ್ಘ ಚರಿತ್ರೆಯೂ ಇದೆ. ಬ್ರಿಟಿಷ್ ಪಾರ್ಲಿಮೆಂಟು 1861ರಲ್ಲಿ ಮಾಡಿದ ಕಾಯ್ದೆಯ ಪ್ರಕಾರ, ಮರುವರ್ಷ ವಿಕ್ಟೋರಿಯಾ ರಾಣಿಯ ಹೆಸರಿನ ಸನದುಗಳಿಂದ ಕಲ್ಕತ್ತ, ಮದ್ರಾಸು, ಬೊಂಬಾಯಿಗಳಲ್ಲಿ ಹೈಕೋರ್ಟುಗಳು ಹುಟ್ಟಿದವು. ಬೊಂಬಾಯಿಯ ನ್ಯಾಯಾಲಯದ ವಿಧಿವತ್ತಾದ ಹೆಸರು ‘ಹೈಕೋರ್ಟ್ ಆಫ್ ಜುಡಿಕೇಚರ್ ಅಟ್ ಬಾಂಬೆ’. ಆಗಿನ ಕಾಲದ ಭಾರತದಲ್ಲಿ ಈ ಮೂರಕ್ಕಿಂತ ದೊಡ್ಡ ಊರು ಹುಡುಕುವುದು ಕಷ್ಟ. ಆದರೂ ‘ಅಟ್’. ಸನದು ಬರೆದವರು ಕೂತದ್ದು ಲಂಡನ್ನಿನಲ್ಲಿ. ಅಲ್ಲಿಂದ ನೋಡಿದರೆ ಕಲ್ಕತ್ತವೂ ಒಂದು ಚುಕ್ಕಿ. ಕಂಪನಿ ಕಾಲದ ಕಾಗದಪತ್ರಗಳಲ್ಲೂ ಇದೇ ಅಭ್ಯಾಸ. ಸೂರತ್ತಿನ ಕೋಠಿ, ಶ್ರೀರಂಗಪಟ್ಟಣದ ಪಾಳೆಯ, ಎಲ್ಲಕ್ಕೂ ‘ಅಟ್’. ನಮ್ಮ ಕಚೇರಿ ಇಂಗ್ಲಿಷು ಆ ಚಾಳಿಯನ್ನು ಬಿಡಲಿಲ್ಲ. ಅಫಿಡವಿಟ್ಟು, ಕ್ರಯಪತ್ರ, ಬಾಡಿಗೆ ಕರಾರುಗಳಲ್ಲಿ ಜನ ಇವತ್ತಿಗೂ ‘ರಿಸೈಡಿಂಗ್ ಅಟ್’ ಆಗಿಯೇ ಇರುತ್ತಾರೆ. ಮನೆ ನಂಬರು ಹಿಂದೆಯೇ ಬಂದರೆ ಅದು ಸರಿಯಾದ ಬಳಕೆ. ನಂಬರು ಎಂದರೆ ಚುಕ್ಕಿಯೇ. ಷರ್ಲಾಕ್ ಹೋಮ್ಸ್ ಇದ್ದದ್ದು ‘ಅಟ್’ 221ಬಿ, ಬೇಕರ್ ಸ್ಟ್ರೀಟ್. ನಂಬರು ಬಿಟ್ಟು ಬೀದಿಯನ್ನಷ್ಟೇ ಹೇಳಿದರೆ ಬ್ರಿಟಿಷರು ಅವನನ್ನು ಬೀದಿಯ ‘ಇನ್’ ಇಡುತ್ತಾರೆ, ಅಮೆರಿಕದವರು ಬೀದಿಯ ‘ಆನ್’. ಮಲ್ಲೇಶ್ವರದಂಥ ಬಡಾವಣೆಗೆ ಮಾತ್ರ ‘ಇನ್’ ಎನ್ನುವುದೇ ಇಂದಿನ ರೂಢಿ. ‘ಐ ಸ್ಟೇ ಅಟ್ ಮಲ್ಲೇಶ್ವರಂ’ ಎನ್ನುವವರ ಬಾಯಲ್ಲಿ ಹಳೆಯ ಕಚೇರಿ ಮಾತಾಡುತ್ತಿರುತ್ತದೆ.

ರೈಲು ಪ್ರಯಾಣದಲ್ಲಿ ಈ ನೋಟ ಇನ್ನೂ ಸ್ಪಷ್ಟ. ಮೈಸೂರಿನ ಕಡೆಯಿಂದ ಹಾಸನದ ಮೇಲೆ ಬಂದು ಹುಬ್ಬಳ್ಳಿ ಗಾಡಿ ಹಿಡಿಯುವವರು ‘ಅಟ್’ ಅರಸೀಕೆರೆ ಇಳಿದು ಹತ್ತುತ್ತಾರೆ. ಇದೇ ಮಾತನ್ನು ದಿಲ್ಲಿಗೂ ಹೇಳಬಹುದು: ಚಂಡೀಗಢಕ್ಕೆ ಹೋಗುವವರು ‘ಅಟ್’ ದಿಲ್ಲಿ ಗಾಡಿ ಬದಲಿಸುತ್ತಾರೆ. ಪ್ರಯಾಣದ ಗೆರೆಯ ಮೇಲೆ ದೇಶದ ರಾಜಧಾನಿಯೂ ಒಂದು ನಿಲ್ದಾಣ, ಅಷ್ಟೆ. ಗಾಡಿ ತಪ್ಪಿಸಿಕೊಂಡು ಎರಡು ದಿನ ಅಲ್ಲೇ ಉಳಿದಿರೋ, ಆಗ ‘ಇನ್’ ದಿಲ್ಲಿ. ಊರು ಅದೇ, ನಿಮ್ಮ ನೋಟ ಬೇರೆಯಾಯಿತು. ತಲುಪುವುದಕ್ಕೂ ಹೀಗೆಯೇ: ನಗರಕ್ಕೋ ದೇಶಕ್ಕೋ ಬಂದರೆ ‘ಅರೈವ್ ಇನ್’, ನಿಲ್ದಾಣಕ್ಕೋ ಹೋಟೆಲಿಗೋ ಬಂದರೆ ‘ಅರೈವ್ ಅಟ್’. ನಾವು ಅನೇಕರು ಹೇಳುವ ‘ಅರೈವ್ ಟು’ ಮಾತ್ರ ಎಲ್ಲಿಯೂ ಸಲ್ಲುವುದಿಲ್ಲ.

ಮಗ ಸೊಸೆಯ ವ್ಯಾಜ್ಯಕ್ಕೆ ಬರೋಣ. ಆನೆಟ್ ಹರ್ಸ್ಕೊವಿಟ್ಸ್ ಎಂಬ ವಿದ್ವಾಂಸೆ 1986ರಲ್ಲಿ ಇಂಗ್ಲಿಷಿನ ಇಂಥ ಪುಟ್ಟ ಪದಗಳ ಮೇಲೆಯೇ ಒಂದು ಪುಸ್ತಕ ಬರೆದರು. ಸೂಪರ್ ಮಾರ್ಕೆಟ್ಟಿಗೆ ಹೋದ ಒಬ್ಬ ಹೆಂಗಸು ಎಲ್ಲಿದ್ದಾಳೆ ಎಂದು ಹೇಳುವಾಗ ‘ಅಟ್’ ಎಂದರೆ, ಹೇಳುವವನು ತಾನು ಅಲ್ಲಿಂದ ದೂರ ಇದ್ದಾನೆ ಎಂಬ ಧ್ವನಿ ಬರುತ್ತದೆ ಎಂದು ಅವರು ಗುರುತಿಸಿದರು. ಅದೇ ಅಂಗಡಿಯೊಳಗೆ ನಿಂತು ಅವಳನ್ನು ಹುಡುಕುತ್ತಿರುವವನು ‘ಅಟ್’ ಅನ್ನಲಾರ. ಬ್ಯಾಂಕಿಗೂ ಇದೇ ಮಾತು. ಆಫೀಸಿನಲ್ಲಿ ‘ಎಲ್ಲಿಗೆ ಹೋದ?’ ಎಂದು ಕೇಳುವವರಿಗೆ ನಿಮ್ಮ ಮಗ ‘ಅಟ್ ದಿ ಬ್ಯಾಂಕ್’. ಅವನು ಕೌಂಟರಿನ ಮುಂದೆ ಇರಬಹುದು, ಹೊರಗೆ ಎಟಿಎಂ ಸಾಲಿನಲ್ಲಿರಬಹುದು, ಬಾಗಿಲಾಚೆ ಬೈಕ್ ನಿಲ್ಲಿಸುತ್ತಿರಬಹುದು. ಬ್ಯಾಂಕಿನ ಕೆಲಸದ ಮೇಲೆ ಹೋಗಿದ್ದಾನೆ ಎಂಬುದಷ್ಟೇ ವಿಷಯ. ಹೊರಗೆ ಮಳೆ ಬರುತ್ತಿದೆ, ನೆನೆಯುತ್ತಿದ್ದೀಯಾ ಎಂದು ನೀವು ಫೋನ್ ಮಾಡಿದರೆ ‘ಇನ್ ದಿ ಬ್ಯಾಂಕ್’ ಎನ್ನುವುದೇ ಸರಿ, ಸೂರಿನ ಕೆಳಗಿದ್ದೇನೆ ಎಂದು ಹೇಳಬೇಕಲ್ಲ. ಹಾಗಾಗಿ ನಿಮ್ಮ ಮಗನದು ತಪ್ಪಲ್ಲ. ಆದರೆ ಫೋನಿನಲ್ಲಿ ಎಲ್ಲಿದ್ದೀಯಾ ಎಂಬ ಸಾಧಾರಣ ಪ್ರಶ್ನೆಗೆ ಸೊಸೆಯ ಉತ್ತರವೇ ಸಹಜ. ಬಸ್ ಸ್ಟಾಪಿನ ವಿಷಯದಲ್ಲಿ ಮಾತ್ರ ಈ ಆಯ್ಕೆ ಇಲ್ಲ. ಅದಕ್ಕೆ ಒಳಗು ಎಂಬುದೇ ಇಲ್ಲ, ಆದ್ದರಿಂದ ಅಲ್ಲಿ ಯಾವಾಗಲೂ ‘ಅಟ್’.

ಕೆಲವು ಜಾಗಗಳಲ್ಲಿ ಮಾತ್ರ ಈ ಪದ ತಪ್ಪಿದರೆ ಮನುಷ್ಯನ ಅವಸ್ಥೆಯೇ ಬದಲಾಗುತ್ತದೆ. ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಇನ್ ಹಾಸ್ಪಿಟಲ್’ ಎಂದರೆ ದಾಖಲಾಗಿದ್ದಾನೆ, ಹಾಸಿಗೆ ಹಿಡಿದಿದ್ದಾನೆ. ‘ಅಟ್ ದಿ ಹಾಸ್ಪಿಟಲ್’ ಎಂದರೆ ಅಲ್ಲಿ ಕೆಲಸಕ್ಕೆ ಹೋಗಿರಬಹುದು, ರೋಗಿಯನ್ನು ನೋಡಲು ಎಳನೀರು ಹಿಡಿದು ಹೋಗಿರಬಹುದು. ಅಣ್ಣ ‘ಇನ್ ಹಾಸ್ಪಿಟಲ್’ ಎಂದು ಅವಸರದಲ್ಲಿ ಮೆಸೇಜು ಹಾಕಿದರೆ ನೆಂಟರಿಷ್ಟರೆಲ್ಲ ಗಾಬರಿಯಾಗುವುದು ಖಂಡಿತ. ಅಮೆರಿಕದವರು ರೋಗಿಗೂ ‘ದಿ’ ಸೇರಿಸಿ ‘ಇನ್ ದಿ ಹಾಸ್ಪಿಟಲ್’ ಎನ್ನುತ್ತಾರೆ. ‘ಇನ್ ಪ್ರಿಸನ್’ ಎಂದರೆ ಕೈದಿ. ‘ಅಟ್ ದಿ ಪ್ರಿಸನ್’ ಇರುವವನು ಜೈಲರೋ ವಕೀಲನೋ ಇರಬಹುದು. ‘ಅಟ್ ಸೀ’ ಎಂದರೆ ಹಡಗೇರಿ ಸಮುದ್ರಯಾನದಲ್ಲಿರುವವನು, ‘ಇನ್ ದಿ ಸೀ’ ಎಂದರೆ ನೀರಿಗಿಳಿದವನು. ಮಲ್ಪೆಯ ಮೀನುಗಾರರು ದಿನವೂ ‘ಅಟ್ ಸೀ’ ಇರುತ್ತಾರೆ. ಅವರು ‘ಇನ್ ದಿ ಸೀ’ ಎಂಬ ಸುದ್ದಿ ಬಂದರೆ ಕರಾವಳಿ ಕಾವಲು ಪಡೆ ಹೊರಡಬೇಕಾದೀತು. ಇನ್ನು ‘ಇನ್ ಆಫೀಸ್’ ಎನ್ನುವುದು ನಮ್ಮಲ್ಲಿ ತುಂಬ ಓಡಾಡುವ ಮಾತು. ನಡುವೆ ‘ದಿ’ ಇಲ್ಲದೆ ಹೇಳಿದರೆ ಅದಕ್ಕೆ ಅಧಿಕಾರದಲ್ಲಿದ್ದೇನೆ ಎಂದರ್ಥ. ಮಂತ್ರಿಗಳು ಹೇಳಿಕೊಳ್ಳಬಹುದು, ಗುಮಾಸ್ತರು ಹೇಳುವ ಹಾಗಿಲ್ಲ.

ವಿದ್ಯಾಸಂಸ್ಥೆಗೂ ಊರಿಗೂ ಒಂದೇ ಹೆಸರಿದ್ದಲ್ಲಿ ‘ಅಟ್’ ಇನ್ನೊಂದು ಕೆಲಸ ಮಾಡುತ್ತದೆ. 1929ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಅವರನ್ನೇ ನೆನೆಯಿರಿ. ಅವರು ಷಿಕಾಗೊದಲ್ಲಿ ಪಾಠ ಹೇಳಿದರು, ಷಿಕಾಗೊದಲ್ಲಿ ಬದುಕಿದರು, 1993ರಲ್ಲಿ ತೀರಿಕೊಂಡದ್ದೂ ಷಿಕಾಗೊದಲ್ಲೇ ಎಂದು ನಾವು ಮೂರಕ್ಕೂ ಒಂದೇ ಪ್ರತ್ಯಯ ಹಚ್ಚುತ್ತೇವೆ. ಇಂಗ್ಲಿಷಿನಲ್ಲಿ ಪಾಠ ಹೇಳಿದ್ದು ‘ಅಟ್ ಷಿಕಾಗೊ’, ಅಂದರೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ. ಬದುಕಿದ್ದು, ತೀರಿಕೊಂಡದ್ದು ‘ಇನ್ ಷಿಕಾಗೊ’, ಅಂದರೆ ಊರಿನಲ್ಲಿ. ಆಕ್ಸ್‌ಫರ್ಡಿಗೆ ಹೋದ ಹುಡುಗ ‘ಅಟ್ ಆಕ್ಸ್‌ಫರ್ಡ್’ ಇದ್ದಾನೋ ‘ಇನ್ ಆಕ್ಸ್‌ಫರ್ಡ್’ ಇದ್ದಾನೋ ಎಂದು ಹೆಣ್ಣಿನ ಕಡೆಯವರು ಸರಿಯಾಗಿ ಕೇಳಿ ತಿಳಿಯುವುದು ಒಳ್ಳೆಯದು. ಎರಡನೆಯದಾದರೆ ಅವನು ಆ ಊರಿನ ಯಾವ ಅಂಗಡಿಯಲ್ಲಾದರೂ ಇರಬಹುದು.

ನಾವು ಇಲ್ಲಿ ಎಡವುವುದಕ್ಕೆ ಕಾರಣ ನಮ್ಮ ‘ಅಲ್ಲಿ’. ಊರಿನಲ್ಲಿ, ಬಾಗಿಲಲ್ಲಿ, ಮದುವೆಯಲ್ಲಿ, ಮರದಲ್ಲಿ, ಗೋಡೆಯಲ್ಲಿ, ಎಲ್ಲಕ್ಕೂ ಒಂದೇ ಸಪ್ತಮಿ. ಇಂಗ್ಲಿಷಿನ ‘ಅಟ್’, ‘ಇನ್’, ‘ಆನ್’ ಮೂರೂ ಅದರಲ್ಲಿ ಅಡಗಿವೆ. ಹಳಗನ್ನಡದಲ್ಲಿ ಹೀಗಿರಲಿಲ್ಲ, ಆಗಿನ ಸಪ್ತಮಿ ‘ಒಳ್’, ಮನೆಯೊಳ್, ಪೊಲದೊಳ್. ನಮ್ಮ ‘ಒಳಗೆ’ಯಲ್ಲಿ ಇರುವುದೂ ಅದೇ ಒಳ್. ಮುಂದೆ ಆ ಜಾಗಕ್ಕೆ ಬಂದ ‘ಅಲ್ಲಿ’ಯಾದರೋ ಬೆರಳು ಮಾಡಿ ಜಾಗ ತೋರಿಸುವ ಮಾತು. ನನ್ನನ್ನು ಕೇಳಿದರೆ, ‘ಇನ್’ ಕಡೆ ವಾಲಿದ್ದ ಭಾಷೆ ‘ಅಟ್’ ಕಡೆ ವಾಲಿತು ಎನ್ನುತ್ತೇನೆ. ವೈಯಾಕರಣರು ಇದನ್ನು ಒಪ್ಪಬೇಕಾಗಿಲ್ಲ. ಹೇಗೂ ಒಳಗೆಂದು ಒತ್ತಿ ಹೇಳಬೇಕಾದಾಗ ನಾವು ‘ಬ್ಯಾಂಕಿನ ಒಳಗಿದ್ದೀನಿ’ ಎನ್ನುತ್ತೇವೆ, ಸುಮ್ಮನೆ ಠಾವು ಹೇಳಬೇಕಾದಾಗ ‘ಬ್ಯಾಂಕ್ ಹತ್ರ ಇದ್ದೀನಿ’ ಎಂದುಬಿಡುತ್ತೇವೆ. ಆ ‘ಹತ್ರ’ವನ್ನು ‘ನಿಯರ್’ ಎಂದು ಅನುವಾದಿಸುವವರಿಗಿಂತ ‘ಅಟ್’ ಎಂದು ತಿಳಿದವರು ಇಂಗ್ಲಿಷಿಗೆ ಹೆಚ್ಚು ಸಮೀಪ.

ಮೂಲೆಯ ವಿಷಯ ನೋಡಿ. ಕೋಣೆಯ ಮೂಲೆಯಲ್ಲಿ ಕುರ್ಚಿಯಿದೆ, ಬೀದಿಯ ಮೂಲೆಯಲ್ಲಿ ಅಂಗಡಿಯಿದೆ ಎಂದು ನಾವು ಎರಡನ್ನೂ ಒಂದೇ ತೆರನಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ಕುರ್ಚಿ ‘ಇನ್ ದಿ ಕಾರ್ನರ್’, ಅಂಗಡಿ ‘ಅಟ್ ದಿ ಕಾರ್ನರ್’ ಅಥವಾ ‘ಆನ್ ದಿ ಕಾರ್ನರ್’. ಎರಡು ಗೋಡೆಗಳು ಕೂಡುವ ಜಾಗವನ್ನು ಒಳಗಿನಿಂದ ನೋಡಿದರೆ ಅದು ನಮ್ಮನ್ನು ಸುತ್ತುವರಿಯುತ್ತದೆ. ಹೊರಗಿನಿಂದ ನೋಡಿದರೆ ಬರೀ ಒಂದು ತಿರುವು. ಒಂದೇ ಕಟ್ಟಡದ ಒಂದೇ ಮೂಲೆ ಇದು, ಗೋಡೆಯ ಯಾವ ಪಕ್ಕದಲ್ಲಿ ನಿಂತಿದ್ದೀರಿ ಎಂಬುದರ ಮೇಲೆ ಪದ ಬದಲಾಗುತ್ತದೆ. ಚುಕ್ಕಿ ಮತ್ತು ಆವರಣದ ಭೇದವನ್ನು ಇಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ಇ-ಮೇಲ್ ವಿಳಾಸದಲ್ಲಿ ನಾವು ‘ಅಟ್ ದಿ ರೇಟ್’ ಎಂದು ಓದುವ ಸುತ್ತು ಹಾಕಿದ ಗುರುತು ಮೂಲತಃ ವ್ಯಾಪಾರಿಗಳ ಬಿಲ್ಲಿನಲ್ಲಿ ದರ ಸೂಚಿಸುತ್ತಿದ್ದದ್ದು. 1971ರಲ್ಲಿ ರೇ ಟಾಮ್ಲಿನ್ಸನ್ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳಿಸುವ ಏರ್ಪಾಡು ಮಾಡಿದಾಗ, ಈ ಬಳಕೆದಾರ ಇಂಥ ಕಂಪ್ಯೂಟರಿನಲ್ಲಿದ್ದಾನೆ ಎಂದು ತೋರಿಸಲು ಅದನ್ನೇ ಆರಿಸಿಕೊಂಡರು. ಜಾಲದ ಮೇಲೆ ಕಂಪ್ಯೂಟರ್ ಒಂದು ಠಾವು, ಹಾಗಾಗಿ ‘ಅಟ್’. ನಾವು ಮಾತ್ರ ಇನ್ನೂ ದರ ಹೇಳುತ್ತಲೇ ಇದ್ದೇವೆ.

ಕೊನೆಗೆ ಸಮಾರಂಭಗಳು. ಮದುವೆ, ಮುಂಜಿ, ಮೀಟಿಂಗು, ಎಲ್ಲಕ್ಕೂ ‘ಅಟ್’ ಸಲ್ಲುತ್ತದೆ. ಊಟಕ್ಕಷ್ಟೇ ಹೋಗಿ ಬಂದವರೂ ‘ಅಟ್ ದಿ ವೆಡ್ಡಿಂಗ್’ ಇದ್ದವರೇ. ಅಮೆರಿಕದಲ್ಲಿರುವ ನಿಮ್ಮ ಅಣ್ಣನ ಮಗಳು ತಾನು ಗೆಳತಿಯ ಮದುವೆಯ ‘ಇನ್’ ಇದ್ದೇನೆ ಎಂದು ಬರೆದರೆ ತಿದ್ದಲು ಹೋಗಬೇಡಿ. ಅಲ್ಲಿ ಅದಕ್ಕೆ ವಧುವಿನ ಪಕ್ಕ ನಿಲ್ಲುವ ಸಖಿಯರಲ್ಲಿ ತಾನೂ ಒಬ್ಬಳು ಎಂದರ್ಥ. ಆ ಸಖಿಯರ ಉಡುಪಿನ ಖರ್ಚು ಅಲ್ಲಿ ಸಾಮಾನ್ಯವಾಗಿ ಅವರವರದೇ.