ರಾತ್ರಿ ಎರಡು ಗಂಟೆಯ ಲೆಕ್ಕ

ಬಿಲ್ಲಿನ ಮೂರನೇ ಸಾಲು: ಅಡಲ್ಟ್ ಡೈಪರ್, 62, ತಲಾ ₹45, ಒಟ್ಟು ₹2,790.

ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೂತು ಊರವರ ಲೆಕ್ಕ ನೋಡಿದ ನನಗೆ ಆ ಸಾಲು ಮೊದಲ ಸಲ ಓದಿದಾಗ ಏನೂ ಅನ್ನಿಸಲಿಲ್ಲ. ಅನ್ನಿಸಿದ್ದಿದ್ದರೆ ಸಮಾಧಾನವೇ: ಸದ್ಯ, ಡೈಪರಿನಲ್ಲಾದರೂ ಸುಲಿದಿಲ್ಲವಲ್ಲ! ರಾತ್ರಿ ಪಾತ್ರೆ ತೊಳೆಯುವಾಗ ತಟ್ಟನೆ ಹೊಳೆಯಿತು. ಆ ತಿಂಗಳಿಗೆ 31 ದಿನ. ಅಂದರೆ ದಿನಕ್ಕೆ ಎರಡು. ತಾನಾಗಿ ಮಗ್ಗುಲು ಬದಲಿಸಲಾಗದ ನನ್ನಮ್ಮ ಒಂದೊಂದು ಡೈಪರಿನಲ್ಲಿ ಹನ್ನೆರಡು ಹನ್ನೆರಡು ಗಂಟೆ ಮಲಗಿದ್ದಾಳೆ. ಕೈಯಲ್ಲಿದ್ದ ಲೋಟ ಸಿಂಕಿಗೆ ಬಿತ್ತು.

ಅಮ್ಮನಿಗೆ 81. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿಯಿತು. ಆಪರೇಷನ್ನೇನೋ ಚೆನ್ನಾಗಿಯೇ ಆಯಿತು, ಆದರೆ ಅಮ್ಮ ಮತ್ತೆ ನಡೆಯಲಿಲ್ಲ. ಎರಡು ತಿಂಗಳು ಮನೆಯಲ್ಲೇ ನೋಡಿಕೊಂಡೆವು. ಏಜೆನ್ಸಿಯವರು ತಿಂಗಳಿಗೆ 28,000 ತೆಗೆದುಕೊಂಡು ಕಳಿಸಿದ ಆಯಾಗಳು ಅಷ್ಟರಲ್ಲೇ ಮೂವರು ಬದಲಾದರು. ಮೂರನೆಯವಳು ಹಬ್ಬಕ್ಕೆ ಊರಿಗೆ ಹೋದವಳು ಬರಲೇ ಇಲ್ಲ. ಅಮ್ಮನನ್ನು ಒಬ್ಬಳೇ ಎತ್ತಲು ಹೋಗಿ ನನ್ನ ಸೊಂಟವೂ ಹಿಡಿದುಕೊಂಡಾಗ, ಪುಣೆಯಲ್ಲಿರುವ ತಮ್ಮ ಫೋನಿನಲ್ಲಿ ಅಂದ: 'ಅಕ್ಕಾ, ಹೀಗಾದ್ರೆ ಇಬ್ಬರು ಪೇಷಂಟ್ ಆಗ್ತೀರಿ. ಯಾವುದಾದ್ರೂ ಹೋಮ್ ನೋಡೋಣ.'

ನಮ್ಮ ಕಡೆ ನರ್ಸಿಂಗ್ ಹೋಮ್ ಅಂದರೆ ಹೆರಿಗೆ, ಅಪೆಂಡಿಕ್ಸು, ಒಬ್ಬರೇ ಡಾಕ್ಟರ ಹೆಸರಿನ ಬೋರ್ಡು. ವೃದ್ಧಾಶ್ರಮ ಅಂದರೆ ಮಕ್ಕಳಿಲ್ಲದವರು, ಬಿಟ್ಟವರು, ಹುಟ್ಟುಹಬ್ಬಕ್ಕೆ ಯಾರೋ ಬಂದು ಹಣ್ಣು ಹಂಚುವ ಜಾಗ. ಇವೆರಡರ ನಡುವೆ, ಹಾಸಿಗೆ ಹಿಡಿದವರನ್ನು ತಿಂಗಳ ಲೆಕ್ಕದಲ್ಲಿ ನೋಡಿಕೊಳ್ಳುವ ಜಾಗಕ್ಕೆ ಕನ್ನಡದಲ್ಲಿ ಇನ್ನೂ ಹೆಸರೇ ಹುಟ್ಟಿಲ್ಲ. 'ಎಲ್ಡರ್ ಕೇರ್', 'ಅಸಿಸ್ಟೆಡ್ ಲಿವಿಂಗ್' ಎಂದು ಅವರವರೇ ಬೋರ್ಡು ಬರೆಸಿಕೊಂಡಿದ್ದಾರೆ. ಹೆಸರಿಲ್ಲದ್ದಕ್ಕೆ ದರವನ್ನೂ ಗುಣವನ್ನೂ ಅಳೆಯುವುದು ಕಷ್ಟ. ಬೈಯುವುದು ಸುಲಭ. 'ಹೆತ್ತ ತಾಯಿನ ಹೋಮಿಗೆ ಹಾಕಿದ್ಲಂತೆ' ಎಂದು ಚಿಕ್ಕಮ್ಮ ಮದುವೆಯೊಂದರ ಊಟದ ಪಂಕ್ತಿಯಲ್ಲೇ ಅಂದರು. ಪಾಯಸ ಬಿಟ್ಟು ಎದ್ದು ಬಂದೆ.

ಮೊದಲು ಸೇರಿಸಿದ ಹೋಮ್ ನೋಡಲು ಹೋಟೆಲಿನಂತಿತ್ತು. ಗ್ರಾನೈಟ್ ನೆಲ, ಲಾಬಿಯಲ್ಲಿ ಅಕ್ವೇರಿಯಂ, ಟ್ರೇಯಲ್ಲಿ ಕಾಫಿ ತರುವ ಹುಡುಗಿ. ಡೆಪಾಸಿಟ್ ಒಂದೂವರೆ ಲಕ್ಷ. ತಿಂಗಳಿಗೆ 38,000 ಅಂದರು. ಮೊದಲ ಬಿಲ್ಲು ಬಂದದ್ದು 57,000ಕ್ಕೆ. 38,000ದ ಮೇಲೆ ಶೇ 18 ಜಿಎಸ್‌ಟಿ 6,840, ಡೈಪರ್ 2,790, ಫಿಸಿಯೋಥೆರಪಿ 12 ಸಲ 6,000, ಡಾಕ್ಟರ ವಿಸಿಟ್ ಎರಡಕ್ಕೆ 1,500, ಗ್ಲೌಸು ಹತ್ತಿ ಇತ್ಯಾದಿ 1,870. ಜಿಎಸ್‌ಟಿ ವಿಷಯದಲ್ಲಿ ನಾನೇ ಎಡವಿದ್ದೆ. ಸರ್ಕಾರವೋ ನೋಂದಾಯಿತ ಧರ್ಮಸಂಸ್ಥೆಯೋ ನಡೆಸುವ ವೃದ್ಧಾಶ್ರಮದಲ್ಲಿ 60 ದಾಟಿದವರಿಗೆ ತಿಂಗಳಿಗೆ 25,000ದವರೆಗಿನ ಶುಲ್ಕಕ್ಕಷ್ಟೇ ವಿನಾಯಿತಿ. ಕಂಪನಿ ನಡೆಸುವ ಹೋಮಿಗೆ ಅದು ಸಿಗುವುದಿಲ್ಲ.

ಅಮ್ಮನ ಆದಾಯ ಹೀಗಿದೆ. ಅಪ್ಪನ ಕುಟುಂಬ ಪಿಂಚಣಿ 24,000. ಹಿರಿಯ ನಾಗರಿಕರ ಉಳಿತಾಯ ಯೋಜನೆಯ ಮಿತಿ 2023ರ ಏಪ್ರಿಲಿನಲ್ಲಿ 15 ಲಕ್ಷದಿಂದ 30 ಲಕ್ಷಕ್ಕೆ ಏರಿದಾಗ ಊರಿನ ಮನೆ ಮಾರಿದ ದುಡ್ಡನ್ನು ಪೂರ್ತಿ ಅದರಲ್ಲೇ ಇಟ್ಟಿದ್ದೆ. ಶೇ 8.2ರಂತೆ ಮೂರು ತಿಂಗಳಿಗೆ 61,500, ತಿಂಗಳ ಲೆಕ್ಕಕ್ಕೆ 20,500. ಎರಡೂ ಸೇರಿ 44,500. ಉಳಿದದ್ದನ್ನು ನಾನೂ ತಮ್ಮನೂ ಹಂಚಿಕೊಂಡೆವು. ಆಪರೇಷನ್ನಿಗೆ ದುಡ್ಡು ಕೊಟ್ಟ ಆರೋಗ್ಯ ವಿಮೆ ಇದಕ್ಕೆ ಒಂದು ಪೈಸೆಯನ್ನೂ ಕೊಡುವುದಿಲ್ಲ. ಸ್ನಾನ ಮಾಡಿಸುವುದು, ಬಟ್ಟೆ ತೊಡಿಸುವುದು, ಎತ್ತಿ ಕೂರಿಸುವುದು ಇವೆಲ್ಲ ಪಾಲಿಸಿಯ ಹೊರಗಿಟ್ಟ ಪಟ್ಟಿಯಲ್ಲಿ ಸ್ಪಷ್ಟವಾಗಿಯೇ ಇವೆ, ನಾವು ಓದಿರುವುದಿಲ್ಲ ಅಷ್ಟೆ. 70 ದಾಟಿದ ಎಲ್ಲರಿಗೂ ಸಿಗುವ ಆಯುಷ್ಮಾನ್ ಭಾರತದ 5 ಲಕ್ಷವೂ ಆಸ್ಪತ್ರೆ ಸೇರಿದರೆ ಮಾತ್ರ. ಇನ್ನು ತಂದೆತಾಯಿಯ ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆ ಮಕ್ಕಳಿಂದ ಕೊಡಿಸಬಹುದಾದ ಜೀವನಾಂಶಕ್ಕೆ ಹಾಕಿದ ಮಿತಿ ತಿಂಗಳಿಗೆ 10,000. ಆ ಹೋಮಿನಲ್ಲಿ ಅದು ಆರು ದಿನಕ್ಕೂ ಸಾಲದು.

ದುಡ್ಡಿನ ವಿಷಯ ಇಷ್ಟು ಬಿಡಿಸಿ ನೋಡಿದವಳು ಗುಣದ ವಿಷಯ ನೋಡಿರಲಿಲ್ಲ. ಡೈಪರ್ ಲೆಕ್ಕ ಹೊಳೆದ ಮರುದಿನ, ಎಂದಿನ ಭಾನುವಾರಕ್ಕೆ ಕಾಯದೆ, ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋದೆ. ಅಮ್ಮನ ಕಾಲಿಗೆ ಉಲ್ಲನ್ ಸಾಕ್ಸು. ಮೇ ತಿಂಗಳು. 'ಅಜ್ಜಿಗೆ ಚಳಿ ಮೇಡಂ' ಅಂದಳು ಹುಡುಗಿ. ಬಿಚ್ಚಿದೆ. ಎಡ ಹಿಮ್ಮಡಿಯಲ್ಲಿ ಹತ್ತು ರೂಪಾಯಿ ನಾಣ್ಯದಷ್ಟಗಲ ಕಪ್ಪು. ಮುಟ್ಟಿದರೆ ಅಮ್ಮ ಕಾಲು ಎಳೆದುಕೊಂಡಳು.

ಮಂಚದ ಕಾಲಿಗೆ ಒಂದು ಚಾರ್ಟು ನೇತುಹಾಕಿದ್ದರು. ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಕ್ಕೆ ಗುರುತು. ಎಡ, ಬಲ, ಅಂಗಾತ, ಪಕ್ಕದಲ್ಲಿ ಸಹಿ. ಆಗ ಗಂಟೆ ಹನ್ನೊಂದೂ ಹತ್ತು. ಚಾರ್ಟಿನಲ್ಲಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಆಗಲೇ ಸಹಿ ಬಿದ್ದಿತ್ತು. ಒಂದೇ ಪೆನ್ನು, ಒಂದೇ ಓರೆ. ಇಂಥ ರಿಜಿಸ್ಟರನ್ನು ಬ್ಯಾಂಕಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಶನಿವಾರವೇ ಸೋಮವಾರದ ಸಹಿ ಹಾಕಿಡುತ್ತಿದ್ದ ಪುಣ್ಯಾತ್ಮರು ನಮ್ಮಲ್ಲೂ ಇದ್ದರು. ಅಲ್ಲಿ ಅದಕ್ಕೆ ಮೆಮೋ ಕೊಡುತ್ತಿದ್ದೆವು. ಇಲ್ಲಿ ಕೊಡುವವರು ಯಾರು?

ಮ್ಯಾನೇಜರು ಒಳ್ಳೆಯ ಮಾತಿನವರು. ಅವರನ್ನು ಬೈಯಲಿಲ್ಲ, ಎರಡೇ ಪ್ರಶ್ನೆ ಕೇಳಿದೆ. ಸೇರಿಸುವ ಮೊದಲೇ ಕೇಳಬೇಕಿದ್ದ ಪ್ರಶ್ನೆಗಳು. ಒಟ್ಟು ಎಷ್ಟು ಜನ ಇದ್ದಾರೆ? ರಾತ್ರಿ ಎಷ್ಟು ಜನ ಡ್ಯೂಟಿಯಲ್ಲಿರುತ್ತಾರೆ? ಇದ್ದವರು 34, ಅದರಲ್ಲಿ ಹಾಸಿಗೆ ಹಿಡಿದವರು 12. ರಾತ್ರಿ ಇಬ್ಬರು.

ಅಲ್ಲೇ ಕೂತು ಕೈಬೆರಳಲ್ಲಿ ಎಣಿಸಿದೆ. ಅಮ್ಮನಂಥವರನ್ನು ಹೊರಳಿಸಿ, ಒರೆಸಿ, ಡೈಪರ್ ಬದಲಿಸಿ, ದಿಂಬು ಸರಿಮಾಡಲು ಇಬ್ಬರು ಸೇರಿದರೂ ಹತ್ತು ನಿಮಿಷ. ಹನ್ನೆರಡು ಜನಕ್ಕೆ ನೂರಿಪ್ಪತ್ತು ನಿಮಿಷ. ಸರಿಯಾಗಿ ಎರಡು ಗಂಟೆ. ಮುಗಿಸುವ ಹೊತ್ತಿಗೆ ಮೊದಲ ಮಂಚದವರ ಸರದಿ ಮತ್ತೆ ಬಂದಿರುತ್ತದೆ. ಇಡೀ ರಾತ್ರಿ ಆ ಹುಡುಗಿಯರು ಕೂರಬಾರದು, ನೀರು ಕುಡಿಯಬಾರದು. ಉಳಿದ 22 ಜನರಲ್ಲಿ ಒಬ್ಬರೂ ಬಚ್ಚಲಿಗೆ ಕರೆಯಬಾರದು, ವಾಂತಿ ಮಾಡಬಾರದು, ಬೀಳಬಾರದು. ಆ ಮಕ್ಕಳು ಸುಳ್ಳು ಸಹಿ ಹಾಕದೆ ಇನ್ನೇನು ಮಾಡಿಯಾರು? ಹುಡುಗಿಯ ಮೇಲಿನ ಸಿಟ್ಟು ಅಲ್ಲಿಗೆ ಇಳಿಯಿತು. ಅಕ್ವೇರಿಯಮ್ಮಿನ ಮೇಲೆ ಏರಿತು. ನನ್ನ 38,000 ಎಲ್ಲಿಗೆ ಹೋಗುತ್ತಿದೆ ಎಂದು ಆಗ ಕಂಡಿತು.

ಹೊರಗೆ ಬರುವುದೂ ದುಬಾರಿಯಾಯಿತು. ಒಂದು ತಿಂಗಳ ಮುಂಚೆ ನೋಟಿಸ್ ಕೊಟ್ಟಿಲ್ಲವೆಂದು ಒಂದು ತಿಂಗಳ ಬಾಡಿಗೆ ಹಿಡಿದರು. ನಡುವೆ ಮೂತ್ರದ ಸೋಂಕಿಗೆ ಅಮ್ಮ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು, ಆ ದಿನಗಳಿಗೂ ಪೂರ್ತಿ ದರ. ಎರಡೂ ಕರಾರಿನಲ್ಲಿ ಇದ್ದವು. ನಾನೇ ಪ್ರತಿ ಪುಟಕ್ಕೂ ಸಹಿ ಹಾಕಿದ್ದೆ.

ಎರಡನೇ ಸಲ ಹುಡುಕುವಾಗ ಲಾಬಿ ನೋಡಲು ಹೋಗಲಿಲ್ಲ. ರಾತ್ರಿ ಎಂಟೂವರೆಗೆ, ಹೇಳದೆ ಕೇಳದೆ ಹೋದೆ. ಎರಡು ಕಡೆ ಗೇಟಿನಿಂದಲೇ ವಾಪಸ್ ಕಳಿಸಿದರು. ಅಲ್ಲಿಗೆ ಅವುಗಳ ಪರೀಕ್ಷೆ ಮುಗಿಯಿತು. ಒಂದು ಕಡೆ ಮೂಗಿಗೆ ರಾಚುವಷ್ಟು ಫಿನಾಯಿಲ್ ವಾಸನೆ. ಆಗಷ್ಟೇ ಸುರಿದ ಫಿನಾಯಿಲ್ ಏನನ್ನೋ ಮುಚ್ಚುತ್ತಿದೆ ಎಂದೇ ನನ್ನ ಲೆಕ್ಕ. ಕುಡಿಯುವ ನೀರು ಮಂಚದಿಂದ ಕೈಗೆಟುಕುವಷ್ಟು ದೂರದಲ್ಲಿದೆಯೇ, ಉಗುರು ಕತ್ತರಿಸಿದ್ದಾರೆಯೇ ಎಂದು ನೋಡಿದೆ. 'ಎಷ್ಟು ದಿನ ಆಯ್ತಮ್ಮ ಇಲ್ಲಿಗೆ ಬಂದು?' ಎಂದು ಮ್ಯಾನೇಜರನ್ನು ಬಿಟ್ಟು ಆಯಾಗಳನ್ನೇ ವಿಚಾರಿಸಿದೆ. ಎಲ್ಲರೂ ತಿಂಗಳು, ಎರಡು ತಿಂಗಳು ಅಂದರೆ ಅಲ್ಲಿ ಸಂಬಳ ಸರಿಯಿಲ್ಲ ಎಂದರ್ಥ. ಸಂಬಳ ಸರಿಯಿಲ್ಲದ ಕೈಯಲ್ಲಿ ಅಮ್ಮನ ಸೊಂಟ ಕೊಡಲು ನನಗೆ ಧೈರ್ಯವಿಲ್ಲ.

ಕೊನೆಯಲ್ಲಿ ಸಿಕ್ಕಿದ್ದು ಹಳೇ ಬಡಾವಣೆಯ ಹಳೇ ಮನೆ. ರೆಡ್ ಆಕ್ಸೈಡ್ ನೆಲ, ಗೋಡೆಯಲ್ಲಿ ಅಲ್ಲಲ್ಲಿ ಬಿರುಕು. 22 ಜನಕ್ಕೆ ರಾತ್ರಿ ನಾಲ್ವರು, ಅವರಲ್ಲಿ ಒಬ್ಬರು ಸಿಸ್ಟರ್. ಒಡಿಶಾದ ಹುಡುಗಿಯೊಬ್ಬಳು ಮೂರು ವರ್ಷದಿಂದ ಇದ್ದಾಳೆ, 'ಉಚ್ಚೆ ಬಂತಾ ಅಜ್ಜಿ' ಎಂದು ಕೇಳುವಷ್ಟು ಕನ್ನಡ ಕಲಿತಿದ್ದಾಳೆ. ಕನ್ನಡ ಬಿಟ್ಟು ಬೇರೆ ಬಾರದ ಅಮ್ಮನಿಗೆ ಅದಕ್ಕಿಂತ ದೊಡ್ಡ ಸೌಲಭ್ಯ ಇಲ್ಲ. 'ಹೆಸರು ಮುಚ್ಚಿ, ಹಾಸಿಗೆ ಹಿಡಿದವರೊಬ್ಬರ ಕಳೆದ ತಿಂಗಳ ಬಿಲ್ಲು ತೋರಿಸ್ತೀರಾ?' ಅಂದೆ. ಮಾಲೀಕರು ನನ್ನ ಮುಖ ನೋಡಿ ನಕ್ಕು, ಬೆರಳಡ್ಡ ಹಿಡಿದು ತೋರಿಸಿದರು. ಡೈಪರ್ 117. ಅಲ್ಲೇ ಅಡ್ವಾನ್ಸ್ ಕೊಟ್ಟೆ.

ಇಲ್ಲಿನ ದರ ಜಿಎಸ್‌ಟಿ ಸೇರಿ 46,000. ಫಿಸಿಯೋಥೆರಪಿ, ಔಷಧಿಗೆ ಬೇರೆಯಾಗಿ ಬಿಲ್ಲು ಮಾಡಿಸಿಕೊಂಡು ಬ್ಯಾಂಕಿನಿಂದಲೇ ಕಟ್ಟುತ್ತೇನೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವ ತಮ್ಮ, ವಿಮೆಯಿಲ್ಲದ ಹಿರಿಯರ ವೈದ್ಯಕೀಯ ಖರ್ಚಿಗೆ ವರ್ಷಕ್ಕೆ 50,000ದವರೆಗೆ ಸಿಗುವ 80ಡಿ ಕಡಿತವನ್ನು ಇದಕ್ಕೂ ತೆಗೆದುಕೊಳ್ಳಬಹುದೇ ಎಂದು ಕೇಳಿದ. ಅಮ್ಮನಿಗೆ ವಿಮೆ ಇದೆಯಲ್ಲೋ, ಆಗಲ್ಲ ಅಂದೆ. ಆದರೂ ಬಿಲ್ಲು ಬೇರೆಯೇ ಇರಲಿ. ಓದಲು ಸುಲಭ.

ಮೊನ್ನೆ ಬಂದ ಬಿಲ್ಲು 55,250. ಡೈಪರ್ 120, ತಲಾ 42. ಫಿಸಿಯೋಥೆರಪಿ 8 ಸಲ. ಕೊನೆಗೆ ಕೈಬರಹದಲ್ಲಿ ಒಂದು ಸಾಲು: ಎಕ್ಸ್‌ಟ್ರಾ ಕಾಫಿ 14, ₹210. ಬೆಳಿಗ್ಗೆ, ಸಂಜೆಯ ಕಾಫಿ ದರದಲ್ಲೇ ಸೇರಿದೆಯಲ್ಲ, ಇದೇನು ಎಂದು ಫೋನು ಮಾಡಿದೆ. ಸಿಸ್ಟರ್ ಸಂಕೋಚದಿಂದ ಅಂದರು: 'ಅಜ್ಜಿಗೆ ಒಂದೊಂದಿನ ನಿದ್ದೆ ಬರಲ್ಲ ಮೇಡಂ. ರಾತ್ರಿ ಎರಡು ಗಂಟೆಗೆ ಎದ್ದು ಕಾಫಿ ಬೇಕು ಅಂತಾರೆ. ಅರ್ಧ ಲೋಟ ಮಾಡ್ಕೊಡ್ತೀವಿ. ಬೇಡಾಂದ್ರೆ ನಿಲ್ಲಿಸ್ತೀವಿ.'

ಬೇಡ, ನಿಲ್ಲಿಸಬೇಡಿ, ಅಂದೆ. ಸಕ್ಕರೆ ಸ್ವಲ್ಪ ಕಡಿಮೆ ಹಾಕಿ.