ನೀಲಿಕುರಿ ಎತ್ತ ನೋಡುತ್ತಿದೆ?

ಸ್ಪಿತಿ ಕಣಿವೆಯ ಕಿಬ್ಬರ್‌ನಲ್ಲಿ ಚಳಿಗಾಲದ ಬೆಳಗು ದುರ್ಬೀನಿನಿಂದ ಶುರುವಾಗುತ್ತದೆ. ಊರಿನ ಹುಡುಗರು ಬಿಸಿಲು ಬೀಳುವ ಮೊದಲೇ ದಿಬ್ಬದ ಮೇಲೆ ನಿಂತು ಎದುರಿನ ಕಮರಿಯನ್ನು ಶೋಧಿಸುತ್ತಿರುತ್ತಾರೆ. ಹಿಮಚಿರತೆ ಹುಡುಕುತ್ತಿದ್ದಾರೆ ಅಂತ ನಾವು ತಿಳಿದುಕೊಳ್ಳುತ್ತೇವೆ. ಅವರು ಹುಡುಕುವುದು ಭರಲ್ ಹಿಂಡನ್ನು. ನೀಲಿಕುರಿ ಎಂಬ ಹೆಸರಿದ್ದರೂ ಅದರ ಮೈಬಣ್ಣ ಒಣಗಿದ ಸ್ಲೇಟುಕಲ್ಲಿನದು. ಹಿಂಡು ಮೇಯುತ್ತಿದೆಯೋ, ಮಲಗಿ ಮೆಲುಕು ಹಾಕುತ್ತಿದೆಯೋ, ತಲೆಯೆತ್ತಿ ನಿಂತಿದೆಯೋ ಎಂಬುದನ್ನು ನೋಡಿಕೊಂಡು ಅವತ್ತಿನ ದಿಕ್ಕು ಗೊತ್ತುಮಾಡುತ್ತಾರೆ. ಇಪ್ಪತ್ತು ಭರಲ್‌ಗಳು ಒಂದೇ ಕಡೆ ಮುಖ ಮಾಡಿ ಅಲ್ಲಾಡದೆ ನಿಂತಿದ್ದರೆ, ಆ ಕಡೆಯ ಬಂಡೆಗಳನ್ನು ಒಂದೊಂದಾಗಿ ನೋಡುತ್ತಾ ಹೋಗಬೇಕು. ನಾನು ಅಲ್ಲಿ ಕಲಿತ ಮೊದಲ ಪಾಠ ಇದು. ಆಮೇಲೆ ಕಲಿತದ್ದೆಲ್ಲ ಇದರ ಕವಲುಗಳೇ.

ಚಳಿಗಾಲದಲ್ಲಿ ಅಲ್ಲಿಗೆ ಹೋಗುವುದು ಸುಲಭವಲ್ಲ. ಮನಾಲಿ ಕಡೆಯ ಕುಂಜುಂ ಪಾಸ್ ಹಿಮದಲ್ಲಿ ಮುಚ್ಚಿರುತ್ತದೆ. ಶಿಮ್ಲಾದಿಂದ ಕಿನ್ನೌರ್ ಹಾದು, ನಾಕೋ, ತಾಬೋ ದಾಟಿ ಕಾಜಾ ಸೇರಬೇಕು. ಅಲ್ಲಿಂದ ಮೇಲೆ, ಸುಮಾರು 4,200 ಮೀಟರ್ ಎತ್ತರದಲ್ಲಿ ಕಿಬ್ಬರ್. ಚಳಿಯಲ್ಲೇ ಯಾಕೆ ಹೋಗಬೇಕೆಂದರೆ, ಮೇಲಿನ ಹುಲ್ಲು ಹಿಮದಡಿ ಹೂತುಹೋದಾಗ ಭರಲ್ ಕೆಳಗಿಳಿಯುತ್ತದೆ, ಅದರ ಹಿಂದೆ ಹಿಮಚಿರತೆಯೂ ಇಳಿಯುತ್ತದೆ. ಬೇಸಿಗೆಯಲ್ಲಿ ಹೋದರೆ ಬಟಾಣಿ ಹೊಲ ಚೆನ್ನಾಗಿ ಕಾಣುತ್ತದೆ, ಅಷ್ಟೇ.

ನಾನು ಮೈಸೂರು ಸೀಮೆಯವನು. ಚಿರತೆ ಅಂದರೆ ನಮಗೆ ಕಬ್ಬಿನ ಗದ್ದೆ, ಕಲ್ಲುಗುಡ್ಡ, ರಾತ್ರಿ ಕಾಣೆಯಾದ ಬೀದಿನಾಯಿ. ಅದೇ ಪ್ರಾಣಿಗೆ ಬಿಳಿ ಕಂಬಳಿ ಹೊದಿಸಿದರೆ ಹಿಮಚಿರತೆ ಎಂಬ ಕಲ್ಪನೆ ಹೊತ್ತು ಹೋದರೆ ಏನೂ ಅರ್ಥವಾಗುವುದಿಲ್ಲ. ಹೆಸರಲ್ಲಿ ಚಿರತೆ ಇದ್ದರೂ ವಂಶವಾಹಿಗಳ ಲೆಕ್ಕದಲ್ಲಿ ಇದರ ಹತ್ತಿರದ ನೆಂಟ ಹುಲಿ. ಹುಲಿಯ ನೆಂಟನಾದರೂ ಗರ್ಜಿಸಲು ಬಾರದು. ಎದುರಾದವರನ್ನು ಮೂಗಿನಿಂದ ಉಸಿರು ಬಿಟ್ಟು ‘ಫುರ್’ ಎಂದು ಮಾತಾಡಿಸುತ್ತದೆ, ಹುಲಿಯಂತೆಯೇ. ಕಣ್ಣು ಹಳದಿಯಲ್ಲ, ತಿಳಿ ಬೂದು-ಹಸಿರು. ತೂಕ ಸಾಮಾನ್ಯವಾಗಿ 22ರಿಂದ 55 ಕಿಲೋ. ಇಷ್ಟು ಸಣ್ಣದೇ ಎಂದು ಮೊದಲ ಸಲ ಕಂಡವರಿಗೆ ಅನ್ನಿಸುತ್ತದೆ. ನನಗೂ ಅನ್ನಿಸಿತು. ಆಮೇಲೆ ಬಾಲ ಕಂಡಿತು. ದೇಹ ಒಂದು ಮೀಟರಿಗೆ ತುಸು ಹೆಚ್ಚಾದರೆ ಬಾಲವೂ ಹೆಚ್ಚುಕಡಿಮೆ ಒಂದು ಮೀಟರ್. ಕಡಿದಾದ ಇಳಿಜಾರಿನಲ್ಲಿ ತಿರುಗುವಾಗ ಅದೇ ಸಮತೋಲ ಕೊಡುತ್ತದೆ, ಮಲಗಿದಾಗ ಅದೇ ಮುಖಕ್ಕೆ ಹೊದಿಕೆ.

ಮಲಗುವುದು ಎಂದೆನಲ್ಲ. ಹಿಮಚಿರತೆಯ ನಡವಳಿಕೆ ಎಂದು ಪುಸ್ತಕಗಳಲ್ಲಿ ಓದುವಾಗ ಬೇಟೆ, ಜಿಗಿತ, ಹೋರಾಟ ಎಲ್ಲ ಸಾಲಾಗಿ ಬರುತ್ತವೆ. ಸ್ಪಾಟಿಂಗ್ ಸ್ಕೋಪಿನ ಹಿಂದೆ ಕೂತು ನೋಡಿದರೆ ಬಹುಪಾಲು ಹೊತ್ತು ಅದು ಮಲಗಿರುತ್ತದೆ. ಏಣಿನ ಮೇಲೆ, ಎರಡೂ ಕಡೆಯ ಇಳಿಜಾರು ಕಾಣುವಂಥ ಜಾಗ ನೋಡಿ ಮಲಗುತ್ತದೆ. ತಲೆಯೆತ್ತುತ್ತದೆ, ಮಗ್ಗುಲು ಬದಲಿಸುತ್ತದೆ, ಮತ್ತೆ ಮಲಗುತ್ತದೆ. ನಮ್ಮ ಕೈಬೆರಳು ಮರಗಟ್ಟಿರುತ್ತವೆ, ಕಣ್ಣೆವೆಯಲ್ಲಿ ಮಂಜು ಕಟ್ಟಿರುತ್ತದೆ, ಅದು ಮಾತ್ರ ಅಲ್ಲೇ. ನಮ್ಮ ಜೊತೆಗಿದ್ದ ಒಬ್ಬರು ಬೇಸತ್ತು, ‘ಇಷ್ಟು ದೂರ ಬಂದು ಬೆಕ್ಕು ನಿದ್ದೆ ಮಾಡೋದನ್ನ ನೋಡೋದಾ’ ಅಂದರು. ನೋಡಬೇಕಾದದ್ದು ಅದನ್ನೇ ಎಂದು ನನಗೀಗ ಅನ್ನಿಸುತ್ತದೆ. ಒಂದು ಭರಲ್ ಹಿಡಿದರೆ ಮೂರು ನಾಲ್ಕು ದಿನ ಅದರ ಬಳಿಯೇ ಇದ್ದು ತಿನ್ನುತ್ತದೆ. ಮುಂದಿನ ದೊಡ್ಡ ಬೇಟೆ ಸಾಮಾನ್ಯವಾಗಿ ಎಂಟು-ಹತ್ತು ದಿನಕ್ಕೊಮ್ಮೆ. ನಡುವೆ ಓಡಾಡಿ ಶಕ್ತಿ ಖರ್ಚು ಮಾಡಿದರೆ ಆ ಚಳಿಯಲ್ಲಿ ತುಂಬಿಕೊಡುವವರು ಯಾರು? ಬೇಟೆಯಲ್ಲೂ ಅದೇ ಲೆಕ್ಕ. ಮೇಲಿನಿಂದ ಬಂಡೆಯ ಮರೆಯಲ್ಲಿ ಇಳಿದಿಳಿದು ಹತ್ತಿರವಾಗಿ, ಕೆಳಮುಖವಾಗಿ ಒಂದು ಚಿಕ್ಕ ಓಟ. ತಪ್ಪಿದರೆ ಅಲ್ಲಿಗೆ ಬಿಟ್ಟುಬಿಡುತ್ತದೆ.

ಇದರ ಹಿಂದೆ ಒಂದು ಸ್ವಾರಸ್ಯದ ಸಂಗತಿಯಿದೆ. ಎತ್ತರದಲ್ಲಿ ಬದುಕುವ ಎಷ್ಟೋ ಪ್ರಾಣಿಗಳ ರಕ್ತದಲ್ಲಿ ಆಮ್ಲಜನಕವನ್ನು ಹೆಚ್ಚು ಬಿಗಿಯಾಗಿ ಹಿಡಿಯುವ ಹಿಮೋಗ್ಲೋಬಿನ್ ಇರುತ್ತದೆ. ಹಿಮಚಿರತೆಯಲ್ಲೂ ಅದು ಇರಲೇಬೇಕು ಎಂದು ಯಾರಾದರೂ ಊಹಿಸುತ್ತಾರೆ. 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದರ ಹಿಮೋಗ್ಲೋಬಿನ್‌ಗೆ ಅಂಥ ವಿಶೇಷವೇನೂ ಕಾಣಲಿಲ್ಲ, ಬೇರೆ ಬೆಕ್ಕುಗಳದ್ದರ ಹಾಗೇ ಇತ್ತು. ಅಗಲವಾದ ಮೂಗಿನ ಹೊಳ್ಳೆ, ದೊಡ್ಡ ಎದೆಗೂಡು, ಹೊಟ್ಟೆಯ ಮೇಲೆ 12 ಸೆಂಟಿಮೀಟರಿನವರೆಗೂ ಉದ್ದವಾಗುವ ತುಪ್ಪಳ, ಅಂಗಾಲಿಗೂ ಕೂದಲು, ಇವೆಲ್ಲ ನಿಜ. ಆದರೂ ಎರಡು ಹೆಜ್ಜೆ ಏರಿದರೆ ಏದುಸಿರು ಬಿಡುವ ನನಗೆ, ಅದೂ ಉಸಿರು ಉಳಿಸಿಕೊಂಡೇ ಬದುಕುತ್ತಿದೆ ಎಂಬ ಗುಮಾನಿ ಸಮಾಧಾನ ಕೊಡುತ್ತದೆ. ಇದು ವಿಜ್ಞಾನವಲ್ಲ, ನನ್ನ ಸಮಾಧಾನ.

ಪ್ರಾಣಿ ಕಾಣದ ದಿನಗಳಲ್ಲಿ ಬಂಡೆ ಓದುವುದನ್ನು ಕಲಿಸಿದರು. ದಾರಿಯ ಮೇಲೆ ಮುಂದಕ್ಕೆ ಚಾಚಿದ ಬಂಡೆಯಿದ್ದರೆ ಅದರ ಒಳಮೈ ಮೂಸಬೇಕು. ಮೂತ್ರ ಸಿಂಪಡಿಸಲು ಹಿಮಚಿರತೆ ಆರಿಸಿಕೊಳ್ಳುವುದು ಮಳೆ-ಹಿಮ ತಾಗದ ಇಂಥ ಜಾಗವನ್ನೇ. ವಾಸನೆ ಬಹುಕಾಲ ಉಳಿಯುತ್ತದೆ. ಕೆನ್ನೆ ಉಜ್ಜಿದ ಕಡೆ ಒಂದೆರಡು ಕೂದಲು ಸಿಕ್ಕಿಕೊಂಡಿರುತ್ತವೆ. ಬುಡದಲ್ಲಿ ಹಿಂಗಾಲಿನಿಂದ ಕೆರೆದ ಗುಳಿ, ಗುಳಿಯ ಹಿಂದೆ ಮಣ್ಣಿನ ಪುಟ್ಟ ಗುಪ್ಪೆ. ಮಂಗೋಲಿಯಾದ ತೋಸ್ತ್ ಬೆಟ್ಟಗಳಲ್ಲಿ ಕಾಲರ್ ತೊಡಿಸಿ ನೋಡಿದಾಗ ಒಂದು ಗಂಡು ಸರಾಸರಿ 200 ಚದರ ಕಿಲೋಮೀಟರಿಗೂ ಹೆಚ್ಚು, ಹೆಣ್ಣು ಸುಮಾರು 120 ಚದರ ಕಿಲೋಮೀಟರ್ ಬಳಸುವುದು ಕಂಡಿತ್ತು. ಅಷ್ಟು ಹರವಿನಲ್ಲಿ ಒಬ್ಬಂಟಿಯಾಗಿ ಅಲೆಯುವ ಪ್ರಾಣಿ ಯಾರು ಬಂದರು, ಯಾವಾಗ ಬಂದರು ಎಂದು ತಿಳಿಯುವುದು ಈ ಬಂಡೆಗಳಿಂದಲೇ. ಫೆಬ್ರವರಿ ಆಸುಪಾಸಿನಲ್ಲಿ ಬೆದೆಗೆ ಬಂದಾಗ ಮಾತ್ರ ಕಮರಿಯ ತುಂಬ ಕೇಳುವಂತೆ ಕೂಗುತ್ತದೆ. ಮೂರು-ಮೂರೂವರೆ ತಿಂಗಳ ಗರ್ಭ. ಮರಿಗಳು ಹುಟ್ಟುವುದು ಬೇಸಿಗೆಯಲ್ಲಿ, ಭರಲ್ ಮರಿಗಳೂ ಕಣ್ಣುಬಿಟ್ಟಿರುವ ಕಾಲಕ್ಕೆ.

ಕ್ಯಾಮೆರಾ ಟ್ರ್ಯಾಪ್ ಕಟ್ಟುವುದೂ ಇಂಥ ಬಂಡೆಗಳ ಎದುರಿಗೇ. ಮೈಮೇಲಿನ ಉಂಗುರ ಮಚ್ಚೆಗಳನ್ನು ಹೋಲಿಸಿ ಇದು ಯಾರು ಎಂದು ಗುರುತಿಸುತ್ತಾರೆ. ಉದ್ದ ತುಪ್ಪಳ ಮಡಿಚಿದರೆ ಮಚ್ಚೆಯ ಆಕಾರವೇ ಬದಲಾಗುತ್ತದೆ. ಒಂದೇ ಪ್ರಾಣಿಯನ್ನು ಎರಡೆಂದು ಎಣಿಸುವ ತಪ್ಪಿನಿಂದ ಸಂಖ್ಯೆ ಮೂರನೇ ಒಂದರಷ್ಟು ಉಬ್ಬಬಹುದು ಎಂದು 2020ರ ಪರೀಕ್ಷೆಯೊಂದು ತೋರಿಸಿತು, ಅದೂ ಮೊದಲೇ ಯಾವುದು ಯಾವುದೆಂದು ಗೊತ್ತಿದ್ದ ಮೃಗಾಲಯದ ಹಿಮಚಿರತೆಗಳ ಚಿತ್ರ ಕೊಟ್ಟು. 2024ರ ಜನವರಿಯಲ್ಲಿ ಹೊರಬಂದ ಗಣತಿಯ ಪ್ರಕಾರ ಭಾರತದಲ್ಲಿ 718 ಹಿಮಚಿರತೆಗಳಿವೆ, ಅದರಲ್ಲಿ 477 ಲಡಾಖ್‌ನಲ್ಲೇ. ಇಂಥ ಅಂಕಿ ಓದುವಾಗ ಅದರ ಹಿಂದಿನ ಮಡಿಚಿದ ತುಪ್ಪಳವನ್ನೂ ನೆನೆಯುವ ಅಭ್ಯಾಸ ನನಗಾಗಿದೆ.

ಇನ್ನು ಊರಿನ ಮಾತು. ವನ್ಯಜೀವಿ ವಿಜ್ಞಾನಿ ಚಾರುದತ್ತ ಮಿಶ್ರಾ 1990ರ ದಶಕದಲ್ಲಿ ಕಿಬ್ಬರ್ ಸುತ್ತ ಅಧ್ಯಯನ ನಡೆಸಿದಾಗ, ಹದಿನೆಂಟು ತಿಂಗಳಲ್ಲಿ ನೂರಕ್ಕೆ ಹದಿನೆಂಟರಷ್ಟು ಜಾನುವಾರು ಕಾಡುಪ್ರಾಣಿಗಳ ಪಾಲಾಯಿತೆಂದು ಜನ ಲೆಕ್ಕ ಕೊಟ್ಟಿದ್ದರು. ಇದನ್ನು ಕೇಳಿದ ಮೇಲೆ ‘ಸುಂದರ ಪ್ರಾಣಿ’ ಎಂದು ಆ ಮನೆಗಳಲ್ಲಿ ಕೂತು ಹೊಗಳಲು ನಾಲಿಗೆ ಏಳುವುದಿಲ್ಲ. ಮಿಶ್ರಾ ಕೆಲಸ ಮಾಡಿದ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಕೇಂದ್ರ ಕಚೇರಿ ನಮ್ಮ ಮೈಸೂರಿನಲ್ಲಿದೆ ಎಂಬುದು ನನಗೆ ಗೊತ್ತಾದದ್ದು ಸ್ಪಿತಿಯಲ್ಲಿ! ಅವರೂ ಊರವರೂ ಸೇರಿ ಮೇಯಿಸದ ಜಾಗ ಒಂದನ್ನು ಬಿಟ್ಟುಕೊಟ್ಟರು, ಭರಲ್ ಹೆಚ್ಚಿತು. 2002ರಲ್ಲಿ ಊರವರೇ ಕಂತು ಕಟ್ಟಿ ನಡೆಸುವ ಜಾನುವಾರು ವಿಮೆ ಶುರುವಾಯಿತು. ಭರಲ್ ಹೆಚ್ಚಿದರೆ ಹಿಮಚಿರತೆ ಕುರಿಯ ತಂಟೆಗೆ ಬರುವುದಿಲ್ಲ ಎಂದು ನಾವು ಪೇಟೆಯವರು ಸರಾಗವಾಗಿ ಹೇಳುತ್ತೇವೆ. ಕುಲಭೂಷಣ್ ಸೂರ್ಯವಂಶಿ ಮತ್ತು ಸಂಗಡಿಗರ ಅಧ್ಯಯನ ಬೇರೆಯದೇ ಹೇಳಿತು: ಭರಲ್ ಹೆಚ್ಚಾದಲ್ಲಿ ಹಿಮಚಿರತೆಯೂ ಹೆಚ್ಚುತ್ತದೆ, ಜಾನುವಾರು ನಷ್ಟವೂ ಹೆಚ್ಚಬಹುದು. ಹಾಗಾಗಿ ರೊಪ್ಪದ ಮಾಡಿಗೆ ಜಾಲರಿ ಹಾಕದೆ ಗತಿಯಿಲ್ಲ. ಕಿಂಡಿಯಿಂದ ಒಳಗಿಳಿದ ಹಿಮಚಿರತೆ, ಬೆದರಿ ಸುತ್ತ ಓಡುವ ಕುರಿಗಳ ನಡುವೆ ಸಿಕ್ಕಿಕೊಂಡು ಒಂದೇ ರಾತ್ರಿ ಹತ್ತಾರನ್ನು ಕೊಂದುಬಿಡುತ್ತದೆ.

ಇಂಥದ್ದೇ ವಿಮೆ ವ್ಯವಸ್ಥೆಯಿರುವ ಒಂದು ಹಳ್ಳಿಯಲ್ಲಿ ಯಾಕ್ ಕರು ಸತ್ತಾಗ ಪಂಚಾಯ್ತಿ ಸೇರಿತು. ನಾವೂ ಹಿಂದೆ ಹೋದೆವು. ಕರುವಿನ ತೊಡೆ ತಿಂದಿತ್ತು, ಹಿಮದ ಮೇಲೆ ಅಗಲವಾದ ಹೆಜ್ಜೆಯಿತ್ತು, ಕುತ್ತಿಗೆಯಲ್ಲಿ ಕೋರೆಹಲ್ಲಿನ ತೂತೂ ಇತ್ತು. ಹಣ ಬರುವುದು ಖಂಡಿತ ಎಂದು ನನಗನ್ನಿಸಿತು. ಒಬ್ಬ ಮೇಮೇ, ಅಲ್ಲಿ ಅಜ್ಜಂದಿರನ್ನು ಕರೆಯುವುದೇ ಹಾಗೆ, ಚಾಕು ತೆಗೆದು ಕುತ್ತಿಗೆಯ ಚರ್ಮ ಬಿಡಿಸಿದರು. ಒಳಗೆ ರಕ್ತ ಹೆಪ್ಪುಗಟ್ಟಿರಲಿಲ್ಲ. ಜೀವ ಇರುವಾಗ ಕಚ್ಚಿದ್ದರೆ ತೂತಿನ ಸುತ್ತ ಚರ್ಮದಡಿ ಕಪ್ಪಗಾಗಿರಬೇಕಿತ್ತು. ‘ಶೆನ್ (ಹಿಮಚಿರತೆ) ಕೊಂದಿಲ್ಲ. ಚಳಿಗೆ ಸತ್ತದ್ದನ್ನು ಬಂದು ತಿಂದಿದೆ’ ಎಂದರು. ಕರುವಿನ ಒಡತಿ ಗಟ್ಟಿಯಾಗಿಯೇ ಜಗಳಕ್ಕೆ ನಿಂತರು. ಮೇಮೇ ಉತ್ತರ ಕೊಡದೆ ಚರ್ಮವನ್ನು ಇನ್ನಷ್ಟು ಬಿಡಿಸಿ ತೋರಿಸಿದರು. ಆಕೆ ಬಗ್ಗಿ ನೋಡಿದರು, ಬೆರಳಿಂದ ಒತ್ತಿಯೂ ನೋಡಿದರು. ಆಮೇಲೆ ಉಳಿದ ಮಾಂಸವನ್ನು ಮನೆಗೆ ಒಯ್ಯುವುದೋ ಅಲ್ಲೇ ಬಿಡುವುದೋ ಎಂಬ ಚರ್ಚೆ ಶುರುವಾಯಿತು. ಒಯ್ದರೆ ಅದು ಹಸಿದು ರೊಪ್ಪಕ್ಕೆ ಬರುತ್ತದೆ ಎಂದು ಕೆಲವರು, ಬಿಟ್ಟರೆ ಊರ ನಾಯಿಗಳ ಪಾಲು ಎಂದು ಕೆಲವರು. ಕೊನೆಗೆ ಅಲ್ಲೇ ಬಿಟ್ಟು, ನಾಯಿ ಕಾಯಲು ಇಬ್ಬರು ಹುಡುಗರನ್ನು ನಿಲ್ಲಿಸಿದರು.